ಆಯಿಯ ಪೊಟ್ಯಾಸಿಯಂ ಏರಲೇ ಇಲ್ಲ: ರಕ್ತದಲ್ಲಿನ ಖನಿಜಗಳ ಬಗ್ಗೆ ನಮ್ಮ ಜಿಲ್ಲೆಯವರ ಅನುಭವ ಹೇಳಿ

ತೋಟದಮನೆ, ಶಿರಸಿ
ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ತುಸು ಉದ್ದ ಬರೆಯುತ್ತಿದ್ದೇನೆ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಇದೇ ಕತೆ ಇರಬಹುದು ಅನಿಸಿತು, ಅದಕ್ಕೆ.

ನಮ್ಮ ಆಯಿಗೆ (ಅಮ್ಮನಿಗೆ) 64 ವರ್ಷ. 11 ವರ್ಷದಿಂದ ಶುಗರ್ ಇದೆ, ಬಿಪಿಯೂ ಇದೆ. ಕಳೆದ ಮಳೆಗಾಲದ ಕೊನೆಗೆ ಕಾಲು ಸೆಳೆತ ಶುರುವಾಯಿತು. ನಡುರಾತ್ರಿ ಎದ್ದು ಕೂತು ಮೀನಖಂಡ ತಿಕ್ಕಿಕೊಳ್ಳುತ್ತಿದ್ದಳು. ಅಡಿಕೆ ಸುಲಿಯಲು ಕೂತವಳಿಗೆ ಏಳಲು ಯಾರಾದರೂ ಕೈ ಕೊಡಬೇಕಿತ್ತು. ಆಮೇಲಾಮೇಲೆ ಎದೆ ಡವಡವ ಅನ್ನುತ್ತದೆ ಅಂತ ಹೇಳತೊಡಗಿದಳು. ವಯಸ್ಸಾಯಿತು, ಸುಗ್ಗಿಯ ದಣಿವು ಅಂತ ನಾವು ಸುಮ್ಮನಿದ್ದೆವು. ಅದು ನಮ್ಮದೇ ತಪ್ಪು.

ಒಂದು ಬೆಳಿಗ್ಗೆ ದೋಸೆ ಎರೆಯುತ್ತಿದ್ದವಳು ತಲೆ ತಿರುಗಿ ಗೋಡೆ ಹಿಡಿದು ಕೂತಳು. ರಕ್ತ ಪರೀಕ್ಷೆ ಮಾಡಿಸಿದೆವು. ಪೊಟ್ಯಾಸಿಯಂ 2.9 ಬಂತು. ಇರಬೇಕಾದ್ದು 3.5ರಿಂದ 5ರ ತನಕ. ಪೊಟ್ಯಾಸಿಯಂ ಸಿರಪ್ ಬರೆದುಕೊಟ್ಟರು. ಒಂದು ವಾರ ಕುಡಿದಳು, 3.0 ಆಯಿತು. ಇನ್ನೊಂದು ವಾರ ಕುಡಿದಳು, 3.1. ದಿನಾ ಸಿಯಾಳ ಕೊಟ್ಟೆವು, ಬಾಳೆಹಣ್ಣು ಕೊಟ್ಟೆವು. ತೂತಿನ ಕೊಡಕ್ಕೆ ನೀರು ಹೊಯ್ದ ಹಾಗೆ ಆಗುತ್ತಿತ್ತು.

ಕೊನೆಗೆ ಬೇರೆ ಊರಿನ ಒಬ್ಬ ಡಾಕ್ಟರು ಒಂದೇ ಮಾತು ಕೇಳಿದರು: "ಮನೆಯಲ್ಲಿ ಇವರು ನುಂಗುವ ಮಾತ್ರೆ ಎಲ್ಲಾ ಒಂದು ಚೀಲದಲ್ಲಿ ಹಾಕಿ ತನ್ನಿ." ತಂದೆವು. ಮೇಜಿನ ಮೇಲೆ ಸುರುವಿ ಎರಡು ಮಾತ್ರೆ ಪಟ್ಟಿಗಳನ್ನು ಬದಿಗಿಟ್ಟರು. ಒಂದು ಬಿಪಿ ಮಾತ್ರೆ, ಅದರಲ್ಲಿ ಕ್ಲೋರ್‌ಥಾಲಿಡೋನ್ ಅನ್ನುವ ನೀರಿನ ಮಾತ್ರೆ, ಅಂದರೆ ಮೂತ್ರ ಹೆಚ್ಚಿಸುವ ಮದ್ದು, ಸೇರಿಕೊಂಡಿತ್ತು. ಇನ್ನೊಂದು ಗ್ಯಾಸ್ ಮಾತ್ರೆ, ಪ್ಯಾಂಟೊಪ್ರಜೋಲ್. ಅದನ್ನು ಯಾರೋ ಹತ್ತು ದಿನಕ್ಕೆ ಅಂತ ಬರೆದುಕೊಟ್ಟದ್ದು. ಖಾಲಿ ಪಟ್ಟಿ ತೋರಿಸಿ ಮತ್ತೆ ಮತ್ತೆ ತಂದು ಆಯಿ ನಾಲ್ಕು ವರ್ಷ ನುಂಗಿದ್ದಳು. ನಾನೇ ಎಷ್ಟೋ ಸಲ ಪೇಟೆಯಿಂದ ತಂದುಕೊಟ್ಟಿದ್ದೇನೆ.

ಮೆಗ್ನೀಷಿಯಂ ನೋಡಿಸಿದರು. 1.1 ಬಂತು. ಕನಿಷ್ಠ 1.7ರ ಹತ್ತಿರ ಇರಬೇಕಂತೆ. ಮೆಗ್ನೀಷಿಯಂ ಕಡಿಮೆ ಇದ್ದರೆ ಕಿಡ್ನಿ ಪೊಟ್ಯಾಸಿಯಂ ಹಿಡಿದಿಟ್ಟುಕೊಳ್ಳುವುದಿಲ್ಲ, ಮೂತ್ರದಲ್ಲಿ ಬಿಟ್ಟುಬಿಡುತ್ತದೆ ಅಂತ ವಿವರಿಸಿದರು. ಅಂದರೆ ನಾವು ಕೊಟ್ಟ ಸಿರಪ್, ಸಿಯಾಳ ಎಲ್ಲಾ ಆ ತೂತಿನಲ್ಲೇ ಹೋಗಿತ್ತು. ಗ್ಯಾಸ್ ಮಾತ್ರೆ ಬಿಡಿಸಿದರು, ಬಿಪಿ ಮಾತ್ರೆ ಬದಲಿಸಿದರು, ಕೆಲವು ದಿನ ಮೆಗ್ನೀಷಿಯಂ ಕೊಟ್ಟರು. ಹತ್ತು ದಿನದಲ್ಲಿ ಪೊಟ್ಯಾಸಿಯಂ 4.1.

ನನ್ನನ್ನು ಕಾಡುವ ವಿಷಯ ಬೇರೆ. ಅಡಿಕೆ ಗರಿ ಹಳದಿಯಾದರೆ ನಾವು ಮಣ್ಣು ಕಟ್ಟಿ ಪರೀಕ್ಷೆಗೆ ಒಯ್ಯುತ್ತೇವೆ. ಡೋಲೋಮೈಟ್ ಹಾಕುತ್ತೇವೆ, ಮೆಗ್ನೀಷಿಯಂ ಸಲ್ಫೇಟ್ ಹಾಕುತ್ತೇವೆ. ಮರದ ಬುಡದ ಮೆಗ್ನೀಷಿಯಂ ಗೊತ್ತಿದ್ದ ನನಗೆ ಆಯಿಯ ಮೈಯಲ್ಲಿ ಅಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ. ನಿಮ್ಮ ಮನೆಗಳಲ್ಲಿ ಹೀಗೆ ಆಗಿದೆಯಾ? ಯಾರಿಗೆ ಯಾವ ಪರೀಕ್ಷೆ ಮಾಡಿಸಬೇಕು? ಗೊತ್ತಿದ್ದವರು ಹೇಳಿ.

ಕಾಳಿ ತೀರ, ಕಾರವಾರ
ಸೋಮವಾರ ರಾತ್ರಿ 10:15

ಆಯಿ ಹುಷಾರಾದದ್ದು ಓದಿ ಸಮಾಧಾನ ಆಯಿತು. ನಮ್ಮ ಊರಿನಲ್ಲಿ ಹೋದ ತಿಂಗಳು ಒಂದು ಶಿಬಿರ ಮಾಡಿದ್ದರು. ಅಂಗೈಯಲ್ಲಿ ಒಂದು ಸಲಾಕೆ ಹಿಡಿಯಬೇಕು. ಒಂದೇ ನಿಮಿಷದಲ್ಲಿ ಕಂಪ್ಯೂಟರಿನಲ್ಲಿ ಮೆಗ್ನೀಷಿಯಂ, ಸತು, ಸೆಲೆನಿಯಂ ಅಂತ ಮೂವತ್ತು ನಲವತ್ತು ಖನಿಜಗಳ ಪಟ್ಟಿ ಬರುತ್ತದೆ. ನನ್ನ ಅತ್ತಿಗೆಗೆ ಹದಿನೆಂಟು ಖನಿಜ ಕಡಿಮೆ ಅಂದರು. 3,800 ರೂಪಾಯಿಯ ಪುಡಿ ಡಬ್ಬ ಕೊಟ್ಟರು. ಇದು ನಂಬುವಂಥದ್ದಾ?

ಲ್ಯಾಬ್ ಅಕ್ಕ, ಕುಮಟಾ
ಸೋಮವಾರ ರಾತ್ರಿ 10:52

ಇಲ್ಲ ತಮ್ಮಾ, ನಂಬಬೇಡ. ರಕ್ತ ತೆಗೆಯದೆ ರಕ್ತದಲ್ಲಿನ ಖನಿಜ ಅಳೆಯಲು ಬರುವುದಿಲ್ಲ. ಅಂಗೈಯ ಬೆವರು, ಒತ್ತಿ ಹಿಡಿದ ರೀತಿ ಬದಲಾದರೆ ಆ ಯಂತ್ರದ ಲೆಕ್ಕವೂ ಬದಲಾಗುತ್ತದೆ. ಆ ಡಬ್ಬ ಇನ್ನೂ ತೆರೆಯದಿದ್ದರೆ ವಾಪಸ್ ಕೊಡಲು ಹೇಳು. ಅತ್ತಿಗೆಗೆ ಕಿಡ್ನಿ ತೊಂದರೆ ಏನಾದರೂ ಇದ್ದರೆ ಅದನ್ನು ಮುಟ್ಟಲೇಬಾರದು.

ನಾನು 19 ವರ್ಷದಿಂದ ರಕ್ತ ತೆಗೆಯುವ ಕೆಲಸದಲ್ಲಿದ್ದೇನೆ. ಸರಿಯಾಗಿ ರಕ್ತ ತೆಗೆದ ಮೇಲೂ ಸಂಖ್ಯೆ ತಪ್ಪಿ ಬರಬಹುದು. ಹಳ್ಳಿಯಲ್ಲಂತೂ ಇದು ಜಾಸ್ತಿ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೈಯ ಪೊಟ್ಯಾಸಿಯಂನಲ್ಲಿ ನೂರಕ್ಕೆ 98ರಷ್ಟು ಜೀವಕೋಶಗಳ ಒಳಗೇ ಇರುತ್ತದೆ. ಹೊರಗಿನ ದ್ರವದಲ್ಲಿ ಇರುವುದು ಚೂರೇ ಚೂರು, ನಾವು ಅಳೆಯುವುದು ಅದನ್ನು. ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದರೆ, ಕೊಳವೆಯನ್ನು ಕುಲುಕಿದರೆ ಕೆಂಪು ಕಣ ಒಡೆಯುತ್ತದೆ. ಒಳಗಿನ ಪೊಟ್ಯಾಸಿಯಂ ಹೊರಗೆ ಬರುತ್ತದೆ. ವರದಿಯಲ್ಲಿ 5.8 ಅಂತ ಕಾಣುತ್ತದೆ, ಮನುಷ್ಯನ ಮೈಯಲ್ಲಿ 4.3 ಇರುತ್ತದೆ. ತೋಳಿಗೆ ಪಟ್ಟಿ ಬಿಗಿದು ಮುಷ್ಟಿ ಹಿಸುಕಿ ಹಿಸುಕಿ ಅಂದರೂ ಹಾಗೇ ಆಗುತ್ತದೆ. ನಾನು ಮುಷ್ಟಿ ಹಿಸುಕಲು ಹೇಳುವುದೇ ಇಲ್ಲ.

ಇನ್ನು ದೂರ. ಒಳಗಿನ ಊರಿನಲ್ಲಿ ಬೆಳಿಗ್ಗೆ ಏಳಕ್ಕೆ ತೆಗೆದ ರಕ್ತ ಬಸ್ಸಿನಲ್ಲಿ ಪೇಟೆಗೆ ಬರುವಾಗ ಹನ್ನೊಂದು ಗಂಟೆ. ಅಷ್ಟರೊಳಗೆ ಕೆಂಪು ಕಣಗಳು ಆ ಕೊಳವೆಯಲ್ಲಿರುವ ಸಕ್ಕರೆ ತಿನ್ನುತ್ತಲೇ ಇರುತ್ತವೆ. ಗಂಟೆಗೆ ನೂರಕ್ಕೆ 5ರಿಂದ 7ರಷ್ಟು ಸಕ್ಕರೆ ಇಳಿಯುತ್ತದೆ. ನಿಜಕ್ಕೂ 130 ಇದ್ದವರಿಗೆ 105 ಅಂತ ವರದಿ ಬರಬಹುದು. ಸಕ್ಕರೆಗೆ ಬೂದು ಮುಚ್ಚಳದ ಬೇರೆ ಕೊಳವೆ ಇರುವುದು ಅದಕ್ಕೇ. ಅದರಲ್ಲೂ ಮೊದಲ ಒಂದೆರಡು ಗಂಟೆ ಸ್ವಲ್ಪ ಇಳಿಯುತ್ತದೆ, ಆಮೇಲೆ ನಿಲ್ಲುತ್ತದೆ. ತಂಪಾಗಿರಲಿ ಅಂತ ಐಸ್ ಡಬ್ಬದಲ್ಲಿಟ್ಟು ತರುವವರಿದ್ದಾರೆ. ಕಣ, ದ್ರವ ಬೇರ್ಪಡಿಸದ ರಕ್ತವನ್ನು ಹಾಗೆ ತಂಪು ಮಾಡಿದರೆ ಪೊಟ್ಯಾಸಿಯಂ ಮತ್ತೂ ಏರಿ ಕಾಣುತ್ತದೆ.

ನೇರಳೆ ಮುಚ್ಚಳದ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಹಾಕಿರುವ ಪುಡಿಯೇ ಪೊಟ್ಯಾಸಿಯಂನದ್ದು. ರಕ್ತ ಸಾಲದೆ ಬಂದಾಗ ಅದರಿಂದ ಇನ್ನೊಂದಕ್ಕೆ ಸುರಿದರೆ ಪೊಟ್ಯಾಸಿಯಂ ವಿಪರೀತ ಏರಿ, ಕ್ಯಾಲ್ಸಿಯಂ ಪಾತಾಳಕ್ಕೆ ಇಳಿದ ವರದಿ ಬರುತ್ತದೆ. ಎರಡೂ ಒಟ್ಟಿಗೆ ಹೀಗೆ ಕಂಡರೆ ನಾನು ಮೊದಲು ಕೊಳವೆ ನೋಡುತ್ತೇನೆ.

ಸತು ಪರೀಕ್ಷೆಗೆ ಬೇರೆಯದೇ ಕೊಳವೆ ಬೇಕು. ಮಾಮೂಲು ಕೊಳವೆಯ ರಬ್ಬರ್ ಬಿರಡೆಯಿಂದಲೇ ಸತು ಬಂದು ಸೇರಿಬಿಡುತ್ತದೆ. ಮೈಯಲ್ಲಿ ಜ್ವರ ಇದ್ದರೆ ರಕ್ತದ ಸತು ತಾನಾಗಿ ಇಳಿದಿರುತ್ತದೆ. ಹಾಗಾಗಿ ಪ್ಯಾಕೇಜಿನಲ್ಲಿ ಬಂದಿದೆ ಅಂತ ಸುಮ್ನೆ ಸತು ಮಾಡಿಸಿ ಹೆದರಬೇಡಿ.

ಗಂಗಾವಳಿ ದಂಡೆ, ಅಂಕೋಲಾ
ಮಂಗಳವಾರ ಬೆಳಿಗ್ಗೆ 6:30

ತೋಟದಮನೆಯವರ ಬರಹ ಓದಿ ನಿದ್ದೆ ಬರಲಿಲ್ಲ. ನಮ್ಮ ಮನೆಯಲ್ಲಿ ಆದದ್ದು ಪೂರ್ತಿ ಉಲ್ಟಾ.

ಅಪ್ಪನಿಗೆ 70. ಶುಗರ್ ಹಳೆಯದು, ಕಿಡ್ನಿ ಸ್ವಲ್ಪ ಸೋತಿದೆ, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ 2ರ ಮೇಲೆ. ಬಿಪಿಗೆ ಟೆಲ್ಮಿಸಾರ್ಟನ್. ಉಪ್ಪು ಕಡಿಮೆ ಮಾಡಿ ಅಂದಿದ್ದರು. ನಮ್ಮ ಕಡೆಯವರಿಗೆ ಉಪ್ಪು ಬಿಡಿ ಅನ್ನುವುದು ಕಷ್ಟ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಊರು ನಮ್ಮದು. ಗಂಜಿಗೆ ಒಣಮೀನಿನ ಚೂರು ಇಲ್ಲದಿದ್ದರೆ ಅಪ್ಪನಿಗೆ ಊಟವೇ ಅಲ್ಲ. ತಂಗಿ ಪೇಟೆಯಿಂದ ಸೋಡಿಯಂ ಕಡಿಮೆ ಇರುವ ಉಪ್ಪು ತಂದಳು. ಬಿಪಿಗೆ ಒಳ್ಳೆಯದು ಅಂತ ಪ್ಯಾಕೆಟ್ಟಿನ ಮೇಲೆ ಬರೆದಿತ್ತು. ಸೆಕೆಗಾಲ ಅಂತ ದಿನಕ್ಕೆ ಎರಡು ಸಿಯಾಳವನ್ನೂ ಕೊಡುತ್ತಿದ್ದೆವು. ನಮ್ಮದೇ ಮರದ್ದು, ಒಳ್ಳೆಯದೇ ಅಂತ.

ಮೂರನೇ ವಾರ ಕಾಲಲ್ಲಿ ಶಕ್ತಿ ಇಲ್ಲ ಅಂದರು. ನಾಡಿ ನಿಧಾನ ಆಗಿತ್ತು. ಪೊಟ್ಯಾಸಿಯಂ 6.6. ರಾತ್ರೋರಾತ್ರಿ ಗಾಡಿ ಮಾಡಿಕೊಂಡು ಜಿಲ್ಲೆ ಬಿಟ್ಟು ಹೋದೆವು. ದಾರಿಯುದ್ದಕ್ಕೂ ತಂಗಿ ಅಳುತ್ತಿದ್ದಳು. ಆ ಉಪ್ಪಿನಲ್ಲಿ ಸೋಡಿಯಂ ಬದಲು ಇದ್ದದ್ದು ಪೊಟ್ಯಾಸಿಯಂ ಅಂತ ನಮಗೆ ಗೊತ್ತಾದದ್ದು ಅಲ್ಲಿಗೆ ಹೋದ ಮೇಲೆ. ಅಪ್ಪ ಉಳಿದರು. ಸಿಯಾಳ ಒಬ್ಬರಿಗೆ ಮದ್ದು, ಇನ್ನೊಬ್ಬರಿಗೆ ವಿಷ ಆಗಬಹುದು ಅಂತ ನಮಗೆ ಯಾರೂ ಹೇಳಿರಲಿಲ್ಲ.

ತೋಟದಮನೆ, ಶಿರಸಿ
ಮಂಗಳವಾರ ಬೆಳಿಗ್ಗೆ 7:05

ಅಣ್ಣಾ, ಓದಿ ಮೈ ನಡುಗಿತು. ಒಬ್ಬರಿಗೆ 2.9, ಇನ್ನೊಬ್ಬರಿಗೆ 6.6. ಇಬ್ಬರಿಗೂ ಮನೆಯವರು ಕೊಟ್ಟದ್ದು ಅದೇ ಸಿಯಾಳ. ಇಬ್ಬರೂ ಹೇಳಿದ್ದು ಕಾಲಲ್ಲಿ ಶಕ್ತಿ ಇಲ್ಲ ಅಂತಲೇ. ತಂಗಿಗೆ ಹೇಳಿ, ಅವಳ ತಪ್ಪಲ್ಲ. ಅವಳು ಪ್ರೀತಿಯಿಂದಲೇ ತಂದದ್ದು.

ನಿವೃತ್ತ ವೈದ್ಯೆ, ಹೊನ್ನಾವರ
ಮಂಗಳವಾರ ಮಧ್ಯಾಹ್ನ 2:20

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ನನ್ನ ಕೆಲಸದ ವರ್ಷಗಳು ಕಳೆದವು. ಮೇಲಿನ ಎರಡೂ ಅನುಭವಗಳನ್ನು ಓದಿದೆ. ಎರಡೂ ಮನೆಯವರು ಬಿಚ್ಚುಮನಸ್ಸಿನಿಂದ ಬರೆದಿದ್ದೀರಿ, ಇದರಿಂದ ಬೇರೆ ಮನೆಗಳಿಗೆ ಖಂಡಿತ ಉಪಕಾರ ಆಗುತ್ತದೆ.

ಮೊದಲು ಆಯಿಯ ವಿಷಯ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಗುಂಪಿನ ಗ್ಯಾಸ್ ಮಾತ್ರೆಯನ್ನು ಬಹಳ ಕಾಲ, ಹೆಚ್ಚಾಗಿ ಒಂದು ವರ್ಷ ಮೀರಿ ತೆಗೆದುಕೊಂಡರೆ ಮೆಗ್ನೀಷಿಯಂ ಇಳಿಯಬಹುದು ಅಂತ ಅಮೆರಿಕದ ಔಷಧ ನಿಯಂತ್ರಕರು 2011ರಲ್ಲೇ ಎಚ್ಚರಿಸಿದ್ದರು. ಕರುಳು ಅದನ್ನು ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ನೀರಿನ ಮಾತ್ರೆ ಮೂತ್ರದಲ್ಲಿ ಕಳೆಯುತ್ತದೆ. ಶುಗರ್ ಜಾಸ್ತಿ ಇದ್ದರೆ ಮೂತ್ರವೂ ಜಾಸ್ತಿ, ಅದರ ಜೊತೆ ಮೆಗ್ನೀಷಿಯಂ ಕೂಡ ಹೋಗುತ್ತದೆ. ಆಯಿಗೆ ಮೂರು ದಾರಿಯೂ ತೆರೆದಿತ್ತು. ಆದರೆ ಒಂದು ಮಾತು: ಇದನ್ನು ಓದಿ ಯಾರೂ ನಾಳೆಯೇ ಬಿಪಿ ಮಾತ್ರೆ ಬಿಡಬೇಡಿ. ನೀರಿನ ಮಾತ್ರೆ ಒಳ್ಳೆಯ ಮದ್ದು, ಎಷ್ಟೋ ಜನರನ್ನು ಲಕ್ವದಿಂದ ಉಳಿಸಿದೆ. ಆಗಾಗ ರಕ್ತ ನೋಡಿಸಿಕೊಂಡು ತಿನ್ನಬೇಕು, ಅಷ್ಟೇ.

ಮೆಗ್ನೀಷಿಯಂಗೂ ಶುಗರ್‌ಗೂ ನಂಟು ಎರಡೂ ಕಡೆಯಿಂದ ಇದೆ. ಇನ್ಸುಲಿನ್ ಜೀವಕೋಶದ ಬಾಗಿಲು ತಟ್ಟಿದಾಗ ಒಳಗೆ ಕೆಲಸ ಶುರುವಾಗಲು ಮೆಗ್ನೀಷಿಯಂ ಬೇಕು. ಅದು ಕಡಿಮೆಯಾದರೆ ಇನ್ಸುಲಿನ್ ಇದ್ದೂ ಕೆಲಸ ಸರಿಯಾಗಿ ಆಗುವುದಿಲ್ಲ. ಶುಗರ್ ಏರುತ್ತದೆ. ಏರಿದ ಶುಗರ್ ಇನ್ನಷ್ಟು ಮೆಗ್ನೀಷಿಯಂ ಕಳೆಯುತ್ತದೆ. ಪೊಟ್ಯಾಸಿಯಂ ತೀರಾ ಇಳಿದರೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಬರುವುದೇ ಕಡಿಮೆ. ಹಾಗಂತ ಮೆಗ್ನೀಷಿಯಂ ಮಾತ್ರೆ ಶುಗರ್‌ಗೆ ಮದ್ದಲ್ಲ. ಕೊರತೆ ಇದ್ದವರಿಗೆ ತುಂಬಿಕೊಡುವುದು ಬೇರೆ, ಎಲ್ಲರಿಗೂ ನುಂಗಿಸುವುದು ಬೇರೆ. ವಯಸ್ಸಾದವರ ರಾತ್ರಿಯ ಕಾಲು ಸೆಳೆತಕ್ಕೂ ಮೆಗ್ನೀಷಿಯಂ ಕೊಟ್ಟು ನೋಡಿದ ಪರೀಕ್ಷೆಗಳಲ್ಲಿ ಹೇಳಿಕೊಳ್ಳುವಂಥ ಫಲ ಸಿಕ್ಕಿಲ್ಲ.

ರಕ್ತದಲ್ಲಿರುವುದು ಮೈಯ ಒಟ್ಟು ಮೆಗ್ನೀಷಿಯಂನ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅರ್ಧಕ್ಕಿಂತ ಹೆಚ್ಚು ಮೂಳೆಯಲ್ಲಿ, ಉಳಿದದ್ದು ಸ್ನಾಯು ಮತ್ತಿತರ ಕಡೆ. ಹಾಗಾಗಿ ರಕ್ತದ ಸಂಖ್ಯೆ ಸರಿ ಇದ್ದ ಮಾತ್ರಕ್ಕೆ ಉಗ್ರಾಣ ತುಂಬಿದೆ ಅಂತಲ್ಲ. ಆದರೆ ರಕ್ತದಲ್ಲೇ 1.1 ಆಗಿದ್ದರೆ ಅದು ಖಂಡಿತ ತುರ್ತು.

ಅಂಕೋಲಾದವರಿಗೆ: ಆ ಉಪ್ಪು ಕೆಟ್ಟದ್ದಲ್ಲ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ಐದು ವರ್ಷ ನಡೆದ ಅಧ್ಯಯನ 2021ರಲ್ಲಿ ಹೊರಬಂತು. ಮುಕ್ಕಾಲು ಪಾಲು ಮಾಮೂಲು ಉಪ್ಪು, ಕಾಲು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿ ಕೊಟ್ಟಿದ್ದರು. ಲಕ್ವ ಹೊಡೆಯುವುದು ನೂರಕ್ಕೆ 14ರಷ್ಟು ಕಡಿಮೆಯಾಯಿತು. ಆದರೆ ಗಂಭೀರ ಕಿಡ್ನಿ ಕಾಯಿಲೆ ಇದ್ದವರನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡಿರಲೇ ಇಲ್ಲ. ಈಗ ವಿಶ್ವ ಆರೋಗ್ಯ ಸಂಸ್ಥೆಯೂ ಕಿಡ್ನಿ ಸೋತವರಿಗೆ, ಗರ್ಭಿಣಿಯರಿಗೆ, ಮಕ್ಕಳಿಗೆ ಈ ಉಪ್ಪು ಬಳಸುವ ಸಲಹೆ ಅನ್ವಯಿಸುವುದಿಲ್ಲ ಅನ್ನುತ್ತದೆ. ನಿಮ್ಮ ಅಪ್ಪನಿಗೆ ಕಿಡ್ನಿ ಸೋತಿತ್ತು, ಟೆಲ್ಮಿಸಾರ್ಟನ್ ಕೂಡ ಪೊಟ್ಯಾಸಿಯಂ ಏರಿಸುತ್ತದೆ, ಮೇಲಿಂದ ಸಿಯಾಳ. ಮಾಮೂಲು ಉಪ್ಪನ್ನೇ ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಮಚದ ಒಳಗೆ ಇಟ್ಟಿದ್ದರೆ ಸಾಕಿತ್ತು. ಮೈ ನೋವಿಗೆ ಅಂಗಡಿಯಿಂದ ತಂದು ನುಂಗುವ ಮಾತ್ರೆಯೂ ಇಂಥವರ ಕಿಡ್ನಿಗೆ ಹೊಡೆತ. ಒಣಮೀನನ್ನು ನೆನೆಸಿ ಆ ನೀರು ಚೆಲ್ಲಿ ಬೇಯಿಸಿದರೆ ಉಪ್ಪು ಒಂದಷ್ಟು ಹೋಗುತ್ತದೆ.

ಗಂಗಾವಳಿ ದಂಡೆ, ಅಂಕೋಲಾ
ಮಂಗಳವಾರ ಮಧ್ಯಾಹ್ನ 3:00

ತುಂಬಾ ಉಪಕಾರ ಮೇಡಂ. ಇದನ್ನು ತಂಗಿಗೆ ಓದಿ ಹೇಳುತ್ತೇನೆ. ಉಪ್ಪಿನ ಬಗ್ಗೆಯೇ ಇನ್ನೊಂದು ಕೇಳಬೇಕಿತ್ತು. ನಾವು ಮನೆಗೆ ಸಾಣಿಕಟ್ಟಾದ ಕಲ್ಲುಪ್ಪು ತರುವವರು. ಸಮುದ್ರದ್ದೇ ಉಪ್ಪು, ಅಯೋಡಿನ್ ಅದರಲ್ಲೇ ಇರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಹೌದಾ?

ನಿವೃತ್ತ ವೈದ್ಯೆ, ಹೊನ್ನಾವರ
ಮಂಗಳವಾರ ಸಂಜೆ 5:45

ಇಲ್ಲ. ಸಮುದ್ರದ ಮೀನಿನಲ್ಲಿ, ಪಾಚಿಯಲ್ಲಿ ಅಯೋಡಿನ್ ಇದೆ. ಆದರೆ ಗದ್ದೆಯಲ್ಲಿ ಒಣಗಿಸಿ ತೆಗೆದ ಉಪ್ಪಿನಲ್ಲಿ ತಾನಾಗಿ ಉಳಿಯುವುದು ತೀರಾ ಕಡಿಮೆ. ಅದಕ್ಕೇ ಹೊರಗಿನಿಂದ ಬೆರೆಸುತ್ತಾರೆ. ಊಟಕ್ಕೆ ಮಾರುವ ಉಪ್ಪಿಗೆ ಅಯೋಡಿನ್ ಕಡ್ಡಾಯ ಅಂತ 2006ರಿಂದ ದೇಶದಲ್ಲಿ ನಿಯಮ ಇದೆ. ಮನೆಗೆ ತಲುಪುವಾಗ ಹತ್ತು ಲಕ್ಷದಲ್ಲಿ ಕನಿಷ್ಠ 15 ಭಾಗ ಅಯೋಡಿನ್ ಇರಬೇಕು. ದಿನಾ ಮೀನು ತಿನ್ನುವ ನಿಮಗಿಂತ ಘಟ್ಟದ ಮೇಲಿನ ಸಸ್ಯಾಹಾರಿ ಮನೆಗಳು ಇದನ್ನು ಹೆಚ್ಚು ಗಮನಿಸಬೇಕು. ಥೈರಾಯ್ಡ್ ನಿಧಾನ ಆದರೆ ಕೊಲೆಸ್ಟ್ರಾಲ್ ಏರುತ್ತದೆ, ತೂಕ ಏರುತ್ತದೆ. ಎಷ್ಟೋ ಜನ ಅದನ್ನು ಬರೀ ಬೊಜ್ಜು ಅಂದುಕೊಳ್ಳುತ್ತಾರೆ. ಸಾಣಿಕಟ್ಟಾ ಉಪ್ಪನ್ನು ಉಪ್ಪಿನಕಾಯಿಗೆ, ಮಾವಿನಮಿಡಿಗೆ ಇಟ್ಟುಕೊಳ್ಳಿ. ದಿನದ ಅಡುಗೆಗೆ ಅಯೋಡಿನ್ ಉಪ್ಪು, ಮುಚ್ಚಿದ ಡಬ್ಬದಲ್ಲಿ, ಒಲೆಯಿಂದ ದೂರ.

ಶಾಲೆಯ ಅಕ್ಕೋರು, ಯಲ್ಲಾಪುರ
ಮಂಗಳವಾರ ರಾತ್ರಿ 8:30

ಕಬ್ಬಿಣದ ಅಂಶದ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ನನ್ನ ತಂಗಿಗೆ 28. ಸಣಕಲು ಮೈ. ಒಂದು ತಪಾಸಣೆಯಲ್ಲಿ ಎಚ್‌ಬಿಎ1ಸಿ (ಕೆಲವು ತಿಂಗಳ ಸಕ್ಕರೆಯ ಸರಾಸರಿ) 6.3 ಬಂತು. ಶುಗರ್ ಬರುವ ಹಂತ ಅಂದರು. ಮದುವೆ ಮಾತುಕತೆ ನಡೆಯುತ್ತಿದ್ದ ಹೊತ್ತು, ಮನೆಯಲ್ಲಿ ಸೂತಕದ ಹಾಗೆ ಆಯಿತು. ಅವಳು ಅನ್ನ ಬಿಟ್ಟಳು, ಬೆಲ್ಲ ಬಿಟ್ಟಳು, ಇನ್ನೂ ಸೊರಗಿದಳು. ಬರಿ ಹೊಟ್ಟೆಯ ಸಕ್ಕರೆ ನೋಡಿದರೆ 91. ಯಾವುದು ನಿಜ ಅಂತ ಯಾರಿಗೂ ತಿಳಿಯಲಿಲ್ಲ. ಹಿಮೋಗ್ಲೋಬಿನ್ 8.2 ಇತ್ತು, ಅದನ್ನು ಯಾರೂ ಮುಖ್ಯ ಅಂದುಕೊಂಡಿರಲಿಲ್ಲ. ಐದು ತಿಂಗಳು ಕಬ್ಬಿಣದ ಮಾತ್ರೆ ತಿಂದ ಮೇಲೆ ಹಿಮೋಗ್ಲೋಬಿನ್ 11.9, ಎಚ್‌ಬಿಎ1ಸಿ 5.5. ಮೇಡಂ, ಇದು ಹೇಗೆ?

ನಿವೃತ್ತ ವೈದ್ಯೆ, ಹೊನ್ನಾವರ
ಮಂಗಳವಾರ ರಾತ್ರಿ 9:10

ಅಕ್ಕೋರೆ, ನಿಮ್ಮ ತಂಗಿಗೆ ಶುಗರ್ ಇರಲೇ ಇಲ್ಲ. ಎಚ್‌ಬಿಎ1ಸಿ ಅಂದರೆ ಕೆಂಪು ಕಣಕ್ಕೆ ಅಂಟಿದ ಸಕ್ಕರೆಯ ಲೆಕ್ಕ. ಕಣ ಸುಮಾರು ಮೂರು ನಾಲ್ಕು ತಿಂಗಳು ಬದುಕುತ್ತದೆ ಅಂತ ಇಟ್ಟುಕೊಂಡು ಮಾಡುವ ಲೆಕ್ಕ ಅದು. ಕಬ್ಬಿಣ ಕಡಿಮೆಯಾದಾಗ ಹೊಸ ಕಣ ಹುಟ್ಟುವುದು ನಿಧಾನ. ಹಳೆಯ ಕಣಗಳೇ ಜಾಸ್ತಿ ಇರುತ್ತವೆ, ಅವಕ್ಕೆ ಸಕ್ಕರೆ ಅಂಟಿ ಅಂಟಿ ಸಂಖ್ಯೆ ಮೇಲೆ ಕಾಣುತ್ತದೆ. ಕಣ ಬೇಗ ಒಡೆಯುವ ಕಾಯಿಲೆ ಇದ್ದರೆ ಇದರ ಉಲ್ಟಾ, ಇರುವ ಶುಗರ್ ಕೂಡ ಅಡಗುತ್ತದೆ. ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ ಇದೆ ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಹೆಚ್ಚುಕಡಿಮೆ ಅರ್ಧ. ಅಂದ ಮೇಲೆ ಹಳ್ಳಿಯ ಹೆಣ್ಣುಮಕ್ಕಳ ಎಚ್‌ಬಿಎ1ಸಿಯನ್ನು ಹಿಮೋಗ್ಲೋಬಿನ್ ಪಕ್ಕಕ್ಕಿಟ್ಟೇ ಓದಬೇಕು, ಅಲ್ವಾ? ಬರಿ ಹೊಟ್ಟೆಯ ಸಕ್ಕರೆ 126 ದಾಟಿದೆಯಾ ಅಂತ ನೋಡಬೇಕು.

ಕಬ್ಬಿಣದ ಮಾತ್ರೆ ತಿಂದು ಅದರ ಹಿಂದೆಯೇ ಚಹಾ ಕುಡಿಯುವುದು ನಮ್ಮಲ್ಲಿ ಜಾಸ್ತಿ. ಚಹಾ ಆ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಒಂದೆರಡು ಗಂಟೆ ಬಿಡಬೇಕು. ಲಿಂಬೆ ಅಥವಾ ನೆಲ್ಲಿಕಾಯಿ ಜೊತೆಗಿದ್ದರೆ ಒಳ್ಳೆಯದು. ಬರಿಗಾಲಿನಲ್ಲಿ ಹಸಿ ತೋಟ ತಿರುಗುವವರಿಗೆ ಕೊಕ್ಕೆಹುಳು ಕಾಲಿನ ಚರ್ಮದಿಂದಲೇ ಒಳಗೆ ಹೋಗುತ್ತದೆ. ಅದು ಕರುಳಿನಲ್ಲಿ ಕೂತು ರಕ್ತ ಹೀರುವಾಗ ಎಷ್ಟು ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರುವುದಿಲ್ಲ. ಹುಳದ ಮಾತ್ರೆ ಮಕ್ಕಳಿಗೆ ಮಾತ್ರ ಅಂದುಕೊಳ್ಳಬೇಡಿ, ದೊಡ್ಡವರಿಗೂ ಬೇಕೇ ಅಂತ ಕೇಳಿ.

ಸೊಪ್ಪಿನಬೆಟ್ಟ, ಸಿದ್ದಾಪುರ
ಬುಧವಾರ ಬೆಳಿಗ್ಗೆ 5:50

ತೋಟದಮನೆಯವರು ಅಡಿಕೆ ಗರಿಯ ಮಾತು ಎತ್ತಿದ್ದಕ್ಕೆ ಬರೆಯುತ್ತಿದ್ದೇನೆ. ಎಲೆಯ ಹಸಿರಿನ ನಡುವೆ ಇರುವುದೇ ಮೆಗ್ನೀಷಿಯಂ. ಅದು ಇಲ್ಲದಿದ್ದರೆ ಗರಿ ಹಳದಿ. ನಮ್ಮದು ಜಂಬಿಟ್ಟಿಗೆ ಮಣ್ಣು. ಘಟ್ಟದ ಕೆಳಗೆ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ. ಅಷ್ಟು ನೀರು ಇಳಿದು ಹೋಗುವಾಗ ಸುಣ್ಣ, ಮೆಗ್ನೀಷಿಯಂ, ಪೊಟ್ಯಾಷ್ ಎಲ್ಲಾ ತೊಳೆದುಕೊಂಡು ಹೋಗುತ್ತದೆ. ಕಬ್ಬಿಣ ಉಳಿಯುತ್ತದೆ, ಮಣ್ಣು ಹುಳಿಯಾಗುತ್ತದೆ. ಬಾವಿಯ ನೀರೂ ಮೆದು, ಬಿಸಿನೀರಿನ ಹಂಡೆಗೆ ಬಿಳಿ ಪದರ ಕೂರುವುದಿಲ್ಲ. ಮಣ್ಣಿನಲ್ಲೇ ಇಲ್ಲದ ಮೇಲೆ ನಮ್ಮ ರಕ್ತದಲ್ಲಿ ಎಲ್ಲಿಂದ ಬರಬೇಕು ಅನ್ನುವುದು ನನ್ನ ವಾದ.

ನಿವೃತ್ತ ವೈದ್ಯೆ, ಹೊನ್ನಾವರ
ಬುಧವಾರ ಬೆಳಿಗ್ಗೆ 9:30

ನಿಮ್ಮ ವಾದದಲ್ಲಿ ಹುರುಳಿದೆ, ಆದರೆ ಅರ್ಧ ದಾರಿ ಮಾತ್ರ ಒಪ್ಪುತ್ತೇನೆ. ಗಿಡಕ್ಕೆ ನೆಟ್ಟ ಜಾಗವೇ ಗತಿ. ಮನುಷ್ಯ ಹಾಗಲ್ಲ. ಗೋಧಿ ಉತ್ತರದಿಂದ ಬರುತ್ತದೆ, ಬೇಳೆ ಕಲಬುರ್ಗಿ ಕಡೆಯಿಂದ ಬರುತ್ತದೆ, ಅಕ್ಕಿ ಪಡಿತರದ್ದು. ಅದೂ ಅಲ್ಲದೆ ಆರೋಗ್ಯವಂತ ಕಿಡ್ನಿ ರಕ್ತದ ಮೆಗ್ನೀಷಿಯಂ ಇಳಿಯಲು ಬಿಡುವುದಿಲ್ಲ, ಮೈ ಮೂಳೆಯಿಂದಲೂ ತಂದು ಸರಿದೂಗಿಸುತ್ತದೆ. ಮೆದು ನೀರು ಕುಡಿದ ಮಾತ್ರಕ್ಕೆ 1.1 ಆಗುವುದಿಲ್ಲ. ನಿಮ್ಮ ಕೃಷಿಯಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಶೃಂಗೇರಿ, ಕೊಪ್ಪ ಕಡೆ ಹಳದಿ ಎಲೆ ರೋಗ ಬಂದ ತೋಟಗಳಿಗೆ ಮೆಗ್ನೀಷಿಯಂ ಸುರಿದರೆ ವಾಸಿಯಾಯಿತೇ? ಅದು ಸೂಕ್ಷ್ಮಜೀವಿಯಿಂದ ಬರುವ ರೋಗ. ಹಳದಿ ಒಂದೇ, ಕಾರಣ ಬೇರೆ.

ಸೊಪ್ಪಿನಬೆಟ್ಟ, ಸಿದ್ದಾಪುರ
ಬುಧವಾರ ಬೆಳಿಗ್ಗೆ 9:55

ಒಪ್ಪಿದೆ ಮೇಡಂ. ನಮ್ಮ ಭಾವನ ಮನೆಯ ತೋಟ ಅಲ್ಲೇ ಹೋಯಿತು. ಲೋಡುಗಟ್ಟಲೆ ಹಾಕಿದ್ದರು.

ಹಾಗಾದರೆ ಊಟದಲ್ಲಿ ಏನು ಬದಲಿಸಬೇಕು ಅದನ್ನಾದರೂ ಹೇಳಿ. ನಮ್ಮ ಮನೆಯಲ್ಲಿ ಬೆಳಿಗ್ಗೆ ದೋಸೆ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ. ಎಲ್ಲಾ ಬಿಳಿ ಅಕ್ಕಿಯೇ. ದೋಸೆಗೆ ಜೋನಿಬೆಲ್ಲ.

ನಿವೃತ್ತ ವೈದ್ಯೆ, ಹೊನ್ನಾವರ
ಬುಧವಾರ ಸಂಜೆ 6:40

ಮೂರು ಹೊತ್ತು ಬಿಳಿ ಅಕ್ಕಿ ಹಿಂದೆಯೂ ಕೆಲವು ಮನೆಯಲ್ಲಿ ಇತ್ತು. ಆದರೆ ಹಿಂದೆ ಮರ ಹತ್ತುತ್ತಿದ್ದಿರಿ, ಸೊಪ್ಪು ಹೊರುತ್ತಿದ್ದಿರಿ. ಈಗ ನೆಲದಲ್ಲೇ ನಿಂತು ಕಾರ್ಬನ್ ದೋಟಿಯಲ್ಲಿ ಅಡಿಕೆ ಕೊನೆ ಇಳಿಸುತ್ತೀರಿ, ಕಳೆ ಯಂತ್ರ ಕೊಚ್ಚುತ್ತದೆ, ತೋಟಕ್ಕೆ ಬೈಕಿನಲ್ಲಿ ಹೋಗುತ್ತೀರಿ. ದೋಟಿ ಬಂದದ್ದು ಒಳ್ಳೆಯದೇ, ಬಿದ್ದು ಸೊಂಟ ಮುರಿದುಕೊಂಡವರನ್ನು ನಾನು ಎಷ್ಟೋ ನೋಡಿದ್ದೇನೆ. ಆದರೆ ತಟ್ಟೆ ಮಾತ್ರ ಮರ ಹತ್ತುವವರದ್ದೇ ಉಳಿದುಬಿಟ್ಟಿದೆ.

2023ರಲ್ಲಿ ಪ್ರಕಟವಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ ಇದೆ. ಹಳ್ಳಿಗಳಲ್ಲೂ ದೊಡ್ಡವರಲ್ಲಿ ನೂರಕ್ಕೆ 8.9. ಎಲ್ಲಕ್ಕಿಂತ ಮೇಲಿರುವುದು ನಮ್ಮ ಪಕ್ಕದ ಗೋವಾ, ನೂರಕ್ಕೆ 26.4. ಕಾರವಾರದಿಂದ ಎಷ್ಟು ಜನ ದಿನಾ ಅಲ್ಲಿಗೆ ಕೆಲಸಕ್ಕೆ ಹೋಗಿಬರುತ್ತಾರೆ ನಿಮಗೇ ಗೊತ್ತು.

ಖನಿಜದ ದುಬಾರಿ ಪರೀಕ್ಷೆಗಿಂತ ಮೊದಲು ಒಂದು ಟೇಪು ತಗೊಂಡು ಸೊಂಟ ಅಳೆಯಿರಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಅದರ ಜೊತೆ ಬಿಪಿ 130/85, ಬರಿ ಹೊಟ್ಟೆಯ ಸಕ್ಕರೆ 100, ಟ್ರೈಗ್ಲಿಸರೈಡ್ ಅನ್ನುವ ರಕ್ತದ ಕೊಬ್ಬು 150 ದಾಟಿದೆಯಾ, ಒಳ್ಳೆಯ ಕೊಲೆಸ್ಟ್ರಾಲ್ ಗಂಡಸರಿಗೆ 40 ಮತ್ತು ಹೆಂಗಸರಿಗೆ 50ಕ್ಕಿಂತ ಕಡಿಮೆ ಇದೆಯಾ ನೋಡಿ. ಐದರಲ್ಲಿ ಮೂರು ಕೆಟ್ಟಿದ್ದರೆ ಮೈಯ ಒಳಗಿನ ವ್ಯವಹಾರ ದಾರಿ ತಪ್ಪುತ್ತಿದೆ ಅಂತ ಅರ್ಥ. ಕೈಕಾಲು ಕಡ್ಡಿಯ ಹಾಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರು ನಮ್ಮ ಹಳ್ಳಿಗಳಲ್ಲಿ ತುಂಬಾ ಇದ್ದಾರೆ. ಅವರು ತಮ್ಮನ್ನು ದಪ್ಪ ಅಂದುಕೊಳ್ಳುವುದೇ ಇಲ್ಲ.

ಊಟ: ಅಕ್ಕಿಯ ಮೆಗ್ನೀಷಿಯಂ ತವುಡಿನಲ್ಲೇ ಹೆಚ್ಚು. ಪಾಲಿಷ್ ಮಾಡಿದರೆ ಅದು ಹಿಂಡಿ ಬಾನಿಗೆ ಹೋಗಿ ದನಕ್ಕೆ ಸಿಗುತ್ತದೆ. ಒಂದು ಹೊತ್ತಾದರೂ ಕೆಂಪಕ್ಕಿ ಅಥವಾ ರಾಗಿ ಮಾಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬಿಳಿ ಅಕ್ಕಿಯಲ್ಲಿ ಹತ್ತರ ಆಸುಪಾಸು. ಹುರುಳಿ, ಹೆಸರು, ಎಳ್ಳು, ಗೇರುಬೀಜ, ಬಸಳೆ, ಕೆಸುವಿನ ಸೊಪ್ಪು ಎಲ್ಲವೂ ನಮ್ಮ ಅಂಗಳದ್ದೇ. ದೋಸೆಗೆ ಬೆಲ್ಲ ಬಿಟ್ಟು ಚಟ್ನಿ ಹಾಕಿಕೊಳ್ಳಿ. ಒಂದೆಲಗದ ತಂಬುಳಿ ಜೊತೆ ಅನ್ನ ಅರ್ಧ ಮಾಡಿ, ಪಲ್ಯ ಎರಡು ಪಾಲು ಮಾಡಿ. ಮೀನು ತಿನ್ನುವವರಿಗೆ ಅಘನಾಶಿನಿ ಹೊಳೆಯ ಬಳಚು (ಚಿಪ್ಪಿನ ಜೀವಿ) ಇದೆ, ಅದರಲ್ಲಿ ಕಬ್ಬಿಣ, ಸತು ಎರಡೂ ಚೆನ್ನಾಗಿದೆ. ಸಣ್ಣ ಮೀನನ್ನು ಮುಳ್ಳಿನ ಸಮೇತ ತಿಂದರೆ ಕ್ಯಾಲ್ಸಿಯಂ. ಕಿಡ್ನಿ ಸೋತವರಿಗೆ ಈ ಪಟ್ಟಿ ಅಲ್ಲ, ಅವರು ತಮ್ಮ ಡಾಕ್ಟರನ್ನೇ ಕೇಳಬೇಕು.

ಕಾಳಿ ತೀರ, ಕಾರವಾರ
ಬುಧವಾರ ರಾತ್ರಿ 8:05

ಡಬ್ಬ ವಾಪಸ್ ತಗೊಳ್ಳಲಿಲ್ಲ. ಆದರೆ ಅತ್ತಿಗೆ ತಿನ್ನುತ್ತಿಲ್ಲ, ಅಷ್ಟಾದರೂ ಆಯಿತು. ಇನ್ನೊಂದು ಪ್ರಶ್ನೆ. ಕವಳದ (ಎಲೆ ಅಡಿಕೆಯ) ಸುಣ್ಣದಿಂದ ಮೂಳೆಗೆ ಬಲ ಅಂತ ಅಮ್ಮಮ್ಮ ಹೇಳುತ್ತಿದ್ದಳು. ಅದು ನಿಜವಾ?

ನಿವೃತ್ತ ವೈದ್ಯೆ, ಹೊನ್ನಾವರ
ಬುಧವಾರ ರಾತ್ರಿ 8:40

ಸುಣ್ಣದಿಂದ ಕ್ಯಾಲ್ಸಿಯಂ ಹೋಗುವುದು ನಿಜ. ದಿನವಿಡೀ ಕವಳ ಹಾಕುವ ಕೆಲವರಲ್ಲಿ ರಕ್ತದ ಕ್ಯಾಲ್ಸಿಯಂ ಅತಿಯಾಗಿ ಕಿಡ್ನಿಗೆ ತೊಂದರೆಯಾದ ದಾಖಲೆಗಳೂ ಇವೆ. ಅಡಿಕೆ ಜಗಿಯುವವರಲ್ಲಿ ಹೊಟ್ಟೆಯ ಬೊಜ್ಜು, ಶುಗರ್ ಹೆಚ್ಚು ಅಂತ ತೈವಾನಿನ ಅಧ್ಯಯನಗಳು ತೋರಿಸಿವೆ. ತಂಬಾಕು ಇಲ್ಲದ ಕವಳವನ್ನೂ ಕ್ಯಾನ್ಸರ್ ತರುವಂಥದ್ದು ಅಂತ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪಟ್ಟಿ ಮಾಡಿದೆ. ಅಡಿಕೆ ಬೆಳೆದು ಬದುಕುವ ಜನರ ನಡುವೆ ಈ ಮಾತು ಹೇಳುವುದು ನನಗೂ ಕಷ್ಟ. ಆದರೂ ಹೇಳಲೇಬೇಕು.

ತೋಟದಮನೆ, ಶಿರಸಿ
ಬುಧವಾರ ರಾತ್ರಿ 9:30

ನಾನೂ ಅಡಿಕೆಯಿಂದಲೇ ಊಟ ಮಾಡುವವನು ಮೇಡಂ. ಓದಿ ಬಹಳ ಹೊತ್ತು ಸುಮ್ಮನೆ ಕೂತೆ. ಆಯಿ ದಿನಕ್ಕೆ ಆರೇಳು ಕವಳ ಹಾಕುತ್ತಾಳೆ. ಊಟದ ಮೇಲೆ ಒಂದು ಅಂತ ಮಾತಾಡಿದ್ದೇವೆ. ಅವಳು ಹೂಂ ಅಂದಿದ್ದಾಳೆ.

ಈ ಮೂರು ದಿನದಲ್ಲಿ ನಾನು ಒಂದು ಕೆಲಸ ಮಾಡಿದೆ. ನಮ್ಮ ಕೇರಿಯ ಒಂಬತ್ತು ಮನೆಗೆ ಹೋಗಿ ಮಾತ್ರೆ ಚೀಲ ತೆರೆಸಿ ನೋಡಿದೆ. ಐದು ಮನೆಯಲ್ಲಿ ಗ್ಯಾಸ್ ಮಾತ್ರೆ ಇತ್ತು. ಯಾಕೆ, ಎಷ್ಟು ದಿನಕ್ಕೆ ಅಂತ ಕೇಳಿದರೆ ಯಾರಿಗೂ ನೆನಪಿಲ್ಲ. ಬಿಡಿ ಅಂತ ನಾನು ಹೇಳಲಿಲ್ಲ, ಹೇಳಲು ನಾನು ಡಾಕ್ಟರ್ ಅಲ್ಲ. ಮುಂದಿನ ಸಲ ಹೋಗುವಾಗ ಚೀಲದ ಸಮೇತ ಹೋಗಿ, ಇದು ಇನ್ನೂ ಬೇಕಾ ಅಂತ ಕೇಳಿ ಅಂದೆ. ಮಾತ್ರೆಯ ಹೆಸರು, ಶುರು ಮಾಡಿದ ತಿಂಗಳು ಎರಡನ್ನೂ ಹಾಳೆಯಲ್ಲಿ ಬರೆದು ಚೀಲದೊಳಗೆ ಇಟ್ಟು ಬಂದೆ. ಇಬ್ಬರಿಗೆ ಶುಗರ್ ಇದೆ, ನೀರಿನ ಮಾತ್ರೆಯೂ ಇದೆ. ಅವರ ಹಾಳೆಯ ಮೇಲೆ ಕೆಂಪು ಪೆನ್ನಿನಲ್ಲಿ ಪೊಟ್ಯಾಸಿಯಂ, ಮೆಗ್ನೀಷಿಯಂ, ಕ್ರಿಯಾಟಿನಿನ್ ಕೇಳಬೇಕು ಅಂತ ಬರೆದಿದ್ದೇನೆ.

ಲ್ಯಾಬ್ ಅಕ್ಕ, ಕುಮಟಾ
ಬುಧವಾರ ರಾತ್ರಿ 9:50

ಅವರು ರಕ್ತ ಕೊಡುವಾಗ ಹಳ್ಳಿಯಲ್ಲಿ ತೆಗೆಸಿ ಕಳಿಸುವುದು ಬೇಡ. ಬೆಳಗಿನ ಮೊದಲ ಬಸ್ಸಿಗೆ ಅವರನ್ನೇ ಲ್ಯಾಬಿಗೆ ಕರೆದುಕೊಂಡು ಹೋಗಿ. ಅಲ್ಲೇ ತೆಗೆಯಲಿ, ಅಲ್ಲೇ ಬೇರ್ಪಡಿಸಲಿ. ನೀರು ಕುಡಿದು ಬರಲಿ, ನಾಳ ಸುಲಭಕ್ಕೆ ಸಿಗುತ್ತದೆ.

ತೋಟದಮನೆ, ಶಿರಸಿ
ಬುಧವಾರ ರಾತ್ರಿ 10:02

ಹಾಗೇ ಮಾಡುತ್ತೇನೆ ಅಕ್ಕಾ. ಶನಿವಾರ ಆಯಿಗೂ ಮತ್ತೆ ರಕ್ತ ಕೊಡುವುದಿದೆ. ಆ ಇಬ್ಬರನ್ನೂ ನಮ್ಮ ಗಾಡಿಯಲ್ಲೇ ಕೂರಿಸಿಕೊಂಡು ಹೋಗುತ್ತೇನೆ.